‘ಡಿವೋಟೆಡ್’ ಆದಮೇಲೆ ‘ಟು’

“ಐ ಆಮ್ ಡಿವೋಟೆಡ್ ಟು ನೀಲಮ್ಮ.”

ನಡುಮನೆಯಿಂದ ಮಹದೇವುವಿನ ದನಿ ಕೇಳಿದ್ದೇ ತಡ, ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಅಂಬುಜಾಳ ಕೈ ನಿಂತುಬಿಟ್ಟಿತು.

“ಭೇಷ್!” ಎಂದರು ಅಪ್ಪ. “ಡಿವೋಟೆಡ್ ಆದಮೇಲೆ ಟು ಬರಲೇಬೇಕು. ಮನಸ್ಸು ಯಾರಿಗೆ ಮುಡಿಪು ಅಂತ ಹೇಳದೆ ಆ ಪದ ನಿಲ್ಲೋದೇ ಇಲ್ಲ.”

ಕನ್ನಡನಾಡೆಲ್ಲ ಒಂದಾದ ಮರುವರ್ಷದ ಮಾತು. ಅಪ್ಪ ದೊರೆಸ್ವಾಮಿ ಮೇಷ್ಟ್ರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕಣ್ಣು ಮಂಜಾದ ಮೇಲೆ ಚಾಮರಾಜಪುರಂನ ಮನೆಯಲ್ಲೇ ಬಾಯಿಮಾತಿನಲ್ಲಿ ಪಾಠ ಹೇಳುತ್ತಿದ್ದರು. ರೈಲ್ವೆ ಆಫೀಸಿನ ಗುಮಾಸ್ತ ಮಹದೇವು ಇಲಾಖೆಯ ಪರೀಕ್ಷೆಗೆಂದು ಸಂಜೆಹೊತ್ತು ಬರತೊಡಗಿದ್ದ. ಪರೀಕ್ಷೆ ಪಾಸಾಯಿತು, ಬರುವುದು ಮಾತ್ರ ನಿಲ್ಲಲಿಲ್ಲ. ಯಾಕೆಂದು ಅಂಬುಜಾ ಕೇಳಿರಲಿಲ್ಲ. ಸೈಕಲ್ ನಿಲ್ಲಿಸುವ ಸದ್ದಿಗೆ ಮುಂಗುರುಳು ಸರಿಮಾಡಿಕೊಳ್ಳುತ್ತಿದ್ದಳು, ಅಷ್ಟೇ.

ಈಗ ಲೋಟವನ್ನು ಅವನ ಮುಂದೆ ಕುಕ್ಕಿದಳು.

“ಸಕ್ಕರೆ ಮರೆತ್ರಾ?” ಒಂದು ಗುಟುಕು ಕುಡಿದು ಮೆಲ್ಲಗೆ ಕೇಳಿದ.

“ನಿಮ್ಮ ನೀಲಮ್ಮನ್ನೇ ಕೇಳಿ.”

ಅವನ ತುಟಿಯಂಚಿನಲ್ಲಿ ನಗು ಇಣುಕಿತು. “ನೀಲಮ್ಮ ನಮ್ಮವ್ವ ಕಣ್ರೀ! ನಮ್ಮೂರು ವರುಣದಲ್ಲವ್ಳೆ.”

ಅಂಬುಜಾಳ ಕೆನ್ನೆ ರಂಗೇರಿತು. ಸರಸರನೆ ಒಳಗೆ ನಡೆದಳು. ಲೋಟ ಹಿಡಿದು ಅವನೂ ಅಡುಗೆಮನೆಯ ಹೊಸ್ತಿಲವರೆಗೆ ಬಂದ. ದಾಟಲಿಲ್ಲ. ಆ ಕಟ್ಟುಪಾಡು ಇಬ್ಬರಿಗೂ ಗೊತ್ತಿತ್ತು.

“ಇನ್ನೊಂದು ವಾಕ್ಯ ಮಾಡಿದ್ದೆ. ಮೇಷ್ಟ್ರ ಮುಂದೆ ಹೇಳಕ್ಕೆ ಧೈರ್ಯ ಬರ್ನಿಲ್ಲ.”

“ಹೇಳಬೇಡಿ.” ಅವಳ ಕಣ್ಣು ತುಂಬಿ ಬಂತು. “ಬಂದ ಸಂಬಂಧಗಳನ್ನೆಲ್ಲ ನಾನೇ ಬೇಡ ಅಂದಿದೀನಿ. ಅಪ್ಪನ್ನ ಹೀಗೆ ಬಿಟ್ಟು ನಾನೆಲ್ಲೂ ಹೋಗಲ್ಲ.”

“ನಾನೆಲ್ಲಿಗೆ ಕರೆದೆ? ನಾನೇ ಇಲ್ಲಿಗೆ ಬತ್ತೀನಿ. ಅವರಿಗೆ ಪೇಪರ್ ಓದಿ ಹೇಳಕ್ಕೆ ನಿಮ್ಮ ಜೊತೆ ನಾನೂ ಇರ್ತೀನಿ.”

“ಜಾತಿ?”

“ಅವ್ವನ್ನ ಒಪ್ಪಿಸೋದು ನಂಗೆ ಬುಡಿ. ಮೇಷ್ಟ್ರು...”

“ಮೇಷ್ಟ್ರಿಗೆ ಮಂಜಾಗಿರೋದು ಕಣ್ಣು ಕಣಯ್ಯ, ಕಿವಿಯಲ್ಲ!” ನಡುಮನೆಯಿಂದ ಅಪ್ಪ ಕೂಗಿದರು.

ಇಬ್ಬರೂ ಬೆವೆತು ನಡುಮನೆಯಲ್ಲಿ ಬಂದು ನಿಂತರು. ಅಪ್ಪ ಮಹದೇವುವಿನತ್ತ ಮುಖ ತಿರುಗಿಸಿದರು.

“ಪಾಸಾದಮೇಲೂ ಪಾಠಕ್ಕೆ ಬರ್ತಿದ್ದೀಯಲ್ಲ, ನನಗೆ ತಿಳೀದೇನಪ್ಪ? ನಮ್ಮವರು ನಾಲ್ಕು ಮಾತಾಡ್ತಾರೆ, ಆಡ್ಲಿ. ನನ್ನ ಕಣ್ಣಿಗೆ ಇವಳ ಬಾಳು ಒತ್ತೆಯಾಗೋದು ಬೇಡ. ಅಂಬುಜಾ, ನೀನೇನಂತೀಯಮ್ಮ?”

ಅವಳು ಮೊದಲ ಸಲ ಮಹದೇವುವನ್ನು ನೇರವಾಗಿ ನೋಡಿದಳು. ಅವನ ಹಣೆಯ ಮೇಲೆ ಬೆವರು, ಕಣ್ಣಲ್ಲಿ ಅಳುಕು. ಎಂಥ ಮುದ್ದು ಅಳುಕು!

“ನನಗೆ ಇವರೇ ಬೇಕು ಅಪ್ಪ.”

ವರುಣದಲ್ಲಿ ನೀಲಮ್ಮ ಮೊದಲು ಮುನಿಸಿಕೊಂಡರು. ಅಂಬುಜಾಳನ್ನು ಕಂಡಮೇಲೆ ಮಾತ್ರ ಕರಗಿಹೋದರು. “ಅಪ್ಪನ್ನ ಬುಡದೋಳು ನನ್ನ ಮಗನ್ನ ಬುಟ್ಟಾಳಾ? ಇವಳೇ ನನ್ನ ಸೊಸೆ ಕಣೋ!”

ಶ್ರಾವಣದಲ್ಲಿ ಮದುವೆಯಾಯಿತು. ಮೇಷ್ಟ್ರ ಬಂಧುಗಳು ಹೆಚ್ಚಾಗಿ ಬರಲಿಲ್ಲ. ವರುಣದಿಂದ ಗಾಡಿಗಳ ತುಂಬ ಜನ ಬಂದರು. ಧಾರೆಯ ಹೊತ್ತಿಗೆ ಅಪ್ಪ ತಡವರಿಸುತ್ತ ಮಗಳ ಕೈ ಹುಡುಕಿದಾಗ, ಮಹದೇವುವೇ ಮುಂದೆ ಬಾಗಿ ಮೂವರ ಕೈಗಳನ್ನೂ ಒಂದು ಮಾಡಿದ. ಮದುಮಗಳು ತಲೆ ತಗ್ಗಿಸಿಕೊಂಡಿರಬೇಕೆಂದು ಹೆಂಗಸರು ಎಚ್ಚರಿಸಿದ್ದರು. ಅಂಬುಜಾ ತಲೆಯೆತ್ತಿ, ಅವನನ್ನು ನೋಡಿ, ಬಾಯ್ತುಂಬ ನಕ್ಕುಬಿಟ್ಟಳು.