ಪಾದ ಎದ್ದ ಮೇಲೆ

ಜಮಖಂಡಿಯ ನನ್ನ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಯುವರಾಜ ಮೊದಲ ಸಲ ಬಂದಾಗ ಬಲಗಾಲಿನ ಚಪ್ಪಲಿ ನೆಲ ಗುಡಿಸುತ್ತಿತ್ತು. ಸಾವಳಗಿ ಕಡೆಯ ಕುರಿಗಾರ. ಉಣ್ಣೆ ಕತ್ತರಿಸುವ ದಿನ ಸೋದರಮಾವನ ಜೊತೆ ಪಂಥ ಕಟ್ಟಿ ಕುಕ್ಕರುಗಾಲಲ್ಲಿ ಕೂತವನು, ಹಿಂಡು ಮುಗಿಯುವವರೆಗೆ ಎದ್ದೇ ಇರಲಿಲ್ಲವಂತೆ. ಮೊಣಕಾಲಿನ ಹೊರಬದಿಯಲ್ಲಿ ಚರ್ಮದ ಕೆಳಗೇ ಹಾಯುವ ನರ ಒತ್ತಿಹೋಗಿ, ಪಾದ ಮೇಲೇಳುವುದನ್ನು ನಿಲ್ಲಿಸಿತ್ತು. ಪಂಥ ಗೆದ್ದಿರಾ ಎಂದು ಕೇಳಿದೆ. ಗೆದ್ದೆ ಎಂದು ನಕ್ಕ. ಇಂಥ ಹುಂಬನ ನಗು ಅಷ್ಟು ಚೆಂದ ಇರಬಾರದಿತ್ತು.

ಕಾಲಿನ ಮುಂಭಾಗದ ಸ್ನಾಯುಗಳನ್ನು ಬೆರಳಿಟ್ಟು ತೋರಿಸಿದೆ. ಎಲುಬಿನ ಹೊರಬದಿಗೆ ಅಂಟಿಕೊಂಡು ಇಳಿದು, ಕಣಕಾಲನ್ನು ಅಡ್ಡ ಹಾದು ಪಾದದ ಒಳಬದಿ ಸೇರುವುದು ಟಿಬಿಯಾಲಿಸ್; ಹೆಜ್ಜೆಗೆ ಪಾದ ಎತ್ತುವ ದೊಡ್ಡಣ್ಣ. ಪಕ್ಕದಲ್ಲಿ ಹೆಬ್ಬೆರಳಿಗೊಂದು, ಉಳಿದ ಬೆರಳುಗಳಿಗೊಂದು. ಅಂಚಿನಲ್ಲಿ ಪುಟ್ಟದೊಂದು, ಕೆಲವರಿಗೆ ಅದು ಇರುವುದೇ ಇಲ್ಲ.

"ನನಗ ಐತೇನ್ರಿ?" ಎಂದು ಗಾಬರಿಯಾದ. ಇತ್ತು.

ಎಡಗಾಲು ಎತ್ತಿ ತೋರಿಸಲು ಹೇಳಿದೆ. ಕುರಿಗಳ ಹಿಂದೆ ಅನಗವಾಡಿಯ ಹೊಳೆದಂಡೆಯವರೆಗೂ ನಡೆದು ಹದವಾದ ಕಾಲು. ಟಿಬಿಯಾಲಿಸ್ ಹುರಿ ಹಗ್ಗದಂತೆ ಎದ್ದು ನಿಂತಿತು. ಪುಸ್ತಕದ ಯಾವ ಚಿತ್ರದಲ್ಲೂ ನಾನು ಇಂಥದ್ದನ್ನು ನೋಡಿರಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ. ನಾನು ನೋಡುವುದನ್ನು ಅವನು ನೋಡಿದ.

ವಾರಗಳು ಕಳೆದವು. ಅವನ ಅವ್ವ ಸೋಮವ್ವ ಕಾಲು ಬರಲೆಂದು ಬೀರೇಶ್ವರನಿಗೆ ಹರಕೆ ಹೊತ್ತಿದ್ದರು. ನನ್ನ ಅಜ್ಜನೂ ಕುರಿ ಕಾದವನೇ ಎಂದು ತಿಳಿದ ಮೇಲೆ, ಮಗನ ಜೊತೆ ಬಂದಾಗಲೆಲ್ಲ ಮನೆಗೆ ಉಣ್ಣಲು ಕರೆಯುತ್ತಿದ್ದರು. ನನಗೆ ಮಾತ್ರ ಹೆದರಿಕೆ: ವಾಸಿಯಾದರೆ ಇವನು ಹಿಂಡಿನ ಹಿಂದೆ ಹೋಗಿಬಿಡುತ್ತಾನೆ. ಹಾಗಂತ ವ್ಯಾಯಾಮದಲ್ಲಿ ಕಳ್ಳಾಟ ಆಡಲಿಲ್ಲ. ಬೈದು ಬೈದು ಮಾಡಿಸಿದೆ.

ಮೊದಲು ಹೆಬ್ಬೆರಳು ಅಲುಗಿತು, ಆಮೇಲೆ ಪಾದ. ಕೊನೆಗೊಂದು ಮಧ್ಯಾಹ್ನ ಚಪ್ಪಲಿ ಎಳೆಯುವ ಸದ್ದಿಲ್ಲದೆ ಕೋಣೆಯುದ್ದಕ್ಕೂ ನಡೆದ. ಇನ್ನು ಬರುವುದು ಬೇಡ ಎಂದೆ. ಅವನ ಫೈಲು ಮುಚ್ಚಿ ಕಪಾಟಿನಲ್ಲಿಟ್ಟೆ.

ಬಾಗಿಲವರೆಗೆ ಹೋಗಿ ನಿಂತ. "ನಾ ಬರೂದಿಲ್ರಿ. ನಾಳೆ ನಮ್ಮ ಅವ್ವ ಬರತಾಳ. ನಿಮ್ಮ ಮನಿಗಿ, ಹೆಣ್ಣ ಕೇಳಾಕ."

ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ಕಾಲ ಎಳಕೋತ ಕೇಳಿದ್ರ, ಕನಿಕರಕ್ಕ ಹೂಂ ಅಂತೀರೇನೋ ಅಂತ ಅಂಜಿದ್ದೆ."

"ನಮ್ಮ ಅಪ್ಪ ಮಾಸ್ತರ, ಸಾಲಿಯಿಂದ ಬರೂದು ಐದಕ್ಕ," ಎಂದೆ. "ಅದರ ಮ್ಯಾಲ ಕಳಸ್ರಿ ಅವ್ವನ್ನ."

ಅವನು ಮೆಟ್ಟಿಲುಗಳನ್ನು ಓಡುತ್ತ ಇಳಿದ. ಈಗಲೇ ಓಡಬೇಡಿ ಎಂದು ಹೇಳುವುದು ನನ್ನ ಕೆಲಸ. ನಾನು ಹೇಳಲಿಲ್ಲ.