ಬ್ರೆಡ್ ಪೆಟ್ಟಿಗೆ ಎಲ್ಲಿ ಹೋಯಿತು?

ನೂರನೇ ವರ್ಷದ ಸಮಾರಂಭದ ಬೆಳಿಗ್ಗೆ ಮಕ್ಕಳ ಮನೆಯ ಪ್ರಾರ್ಥನಾ ಮಂದಿರದಲ್ಲಿ ಗಾಜಿನ ಕಪಾಟು ಬರಿದಾಗಿತ್ತು. ಪಾದ್ರಿಯೊಬ್ಬರ ವಿಧವೆ ಆಸರೆಗೆ ಬಂದ ಮೊಟ್ಟಮೊದಲ ಮಗುವನ್ನು ಮಲಗಿಸಿದ್ದ ಬ್ರೆಡ್ ಪೆಟ್ಟಿಗೆ ಮಾಯ! ಈ ಸಂಸ್ಥೆ ಹುಟ್ಟಿದ್ದೇ ಆ ಪೆಟ್ಟಿಗೆಯಿಂದ.

"ಬೀಗ ಮುರಿದಿಲ್ಲ. ಕೀಲಿ ಇರೋದು ನಿಮ್ಮ ಹತ್ರ," ಎಂದು ಅಧ್ಯಕ್ಷರು ಹೊಲಿಗೆ ಟೀಚರಿಗೆ ಹೇಳಿದರು. "ಅತಿಥಿಗಳು ಬರೋದ್ರೊಳಗೆ ಪೆಟ್ಟಿಗೆ ಬರಬೇಕು, ಇಲ್ಲಾಂದ್ರೆ ನೀವು ಹೊರಡಬೇಕು."

ಟೀಚರು ತನ್ನ ಕೋಣೆಗೆ ಹೋಗಿ ನೋಡಿದಳು. ಕೀಲಿ ಗುಂಡಿಗಳ ಡಬ್ಬಿಯಲ್ಲೇ ಇತ್ತು; ಆದರೂ ತಾನೇ ಎಲ್ಲೋ ಎಡವಿದೆನೇನೋ ಎಂಬ ಅಳುಕು. ಇಲ್ಲೇ ಬೆಳೆದವಳಿಗೆ ಬೇರೆ ಮನೆಯಾದರೂ ಎಲ್ಲಿತ್ತು? ಗೇಟಿನ ಪಕ್ಕದ ಕೋಣೆಗೆ ಓಡಿದಳು.

ಅಲ್ಲಿದ್ದವನು ಮೂಗಣ್ಣ. ಅವನೂ ಇದೇ ಮನೆಯ ಮಗು. ಪೊಲೀಸ್ ಕೆಲಸ ಮುಗಿಸಿ ಮರಳಿ ಬಂದು ನೆಲೆಸಿದ್ದ. ಎಲ್ಲದಕ್ಕೂ ಮೂಗು ತೂರಿಸುತ್ತಿದ್ದುದರಿಂದ ಆ ಹೆಸರು.

ಅವಳೊಡನೆ ಮಂದಿರಕ್ಕೆ ಬಂದು ಕಪಾಟಿನೊಳಗೆ ಬಗ್ಗಿ ನೋಡಿದ. "ಪೆಟ್ಟಿಗೆಯೊಳಗಿನ ವೆಲ್ವೆಟ್ ಬಟ್ಟೇನ ಕಳ್ಳ ಅಚ್ಚುಕಟ್ಟಾಗಿ ಮಡಿಸಿಟ್ಟಿದ್ದಾನಲ್ಲ! ಟೀಚರಮ್ಮ, ಬೆಳಿಗ್ಗೆ ನಿಮ್ಮ ಕೋಣೆಗೆ ಯಾರು ಬಂದಿದ್ರು?"

"ನರ್ಸಕ್ಕ ಒಬ್ರೇ. ಗಾಜು ಒರೆಸೋಕೆ ಅಂತ ಮೆತ್ತನೆ ಫ್ಲಾನೆಲ್ ಬಟ್ಟೆ ಇಸ್ಕೊಂಡು ಹೋದ್ರು. ಆಮೇಲೆ ಇನ್ನೊಂದ್ಸಲ ಬಂದು, ಏನೂ ಕೇಳದೆ ಹಾಗೇ ಹೋದ್ರು."

"ತೊಟ್ಟಿಲುಗಳೆಲ್ಲಿ?"

"ಕುರ್ಚಿ ಹಾಕೋಕೆ ಜಾಗ ಬೇಕು ಅಂತ ಅಧ್ಯಕ್ಷರು ನಿನ್ನೆ ಉಗ್ರಾಣಕ್ಕೆ ಹಾಕ್ಸಿದ್ರು. ಅದರ ಕೀಲಿ ಅವರ ಮನೇಲಿತ್ತು."

ಮೂಗಣ್ಣ ನಕ್ಕ. ಒಬ್ಬನೇ ಮಹಡಿ ಹತ್ತಿ ಹೋಗಿ, ಇಳಿದು ಬಂದು, ಎಲ್ಲರನ್ನೂ ಮಂದಿರಕ್ಕೆ ಕರೆದ.

"ಮಾರೋ ಕಳ್ಳನಾದ್ರೆ ವೆಲ್ವೆಟ್ಟನ್ನೂ ಬಿಡ್ತಿರಲಿಲ್ಲ. ಧೂಳು ಹಿಡಿದ ಬಟ್ಟೆ ತೆಗೆದಿಟ್ಟು, ಒಗೆದ ಫ್ಲಾನೆಲ್ ಹಾಸೋರು ಯಾರು? ಪೆಟ್ಟಿಗೆಯಿಂದ ಕೆಲಸ ತಗೊಳ್ಳೋರು. ಟೀಚರಮ್ಮ ಬಟ್ಟೆ ತೆಗೆಯೋಕೆ ಬೆನ್ನು ತಿರುಗಿಸಿದಾಗ ಡಬ್ಬಿಯಿಂದ ಕೀಲಿ ಹೋಯ್ತು. ಎರಡನೇ ಸಲ ಬಂದಾಗ ವಾಪಸ್ ಬಂತು. ಅಲ್ವಾ ನರ್ಸಕ್ಕ?"

ನರ್ಸಕ್ಕ ಮಹಡಿಯ ಮೆಟ್ಟಿಲತ್ತ ನೋಡಿದರು.

"ಹೇಳ್ರೀ!" ಎಂದು ಅಧ್ಯಕ್ಷರು ಗುಡುಗಿದರು.

"ಅವರು ಹೇಳಲ್ಲ ಸ್ವಾಮಿ. ಬಾಗಿಲಿಗೆ ಬಂದ ತಾಯಿ ತಾನಾಗಿ ಹೇಳೋ ತನಕ ಅವಳ ಸುದ್ದಿ ಯಾರ ಮುಂದೂ ಎತ್ತಬಾರದು. ಪಾದ್ರಿಯಮ್ಮನವರ ಕಾಲದ ಕಟ್ಟಳೆ. ನಮ್ಮಮ್ಮನ ಮಾನ ಉಳಿದಿದ್ದೂ ಅದರಿಂದಲೇ. ಮಹಡಿ ಮೇಲೆ ಒಬ್ಬರ ಒಪ್ಪಿಗೆ ಪಡೆದೇ ಇಷ್ಟು ಹೇಳ್ದೆ. ಮುಂದಿನದು ಅವರ ಮಾತು."

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಬಡಕಲು ಹೆಣ್ಣುಮಗಳೊಬ್ಬಳು ಪೆಟ್ಟಿಗೆಯನ್ನು ಎದೆಗೊತ್ತಿ ಇಳಿದು ಬಂದಳು. ಒಳಗೆ ಫ್ಲಾನೆಲ್ ಮೇಲೆ ಅಂಗೈಯಗಲದ ಮುಖ.

"ಬೆಳಕು ಹರಿಯೋ ಮುಂಚೆ ಬಂದೆ. ತೊಟ್ಟಿಲಿಲ್ಲ ಅಂತ ಅಕ್ಕ ಇದನ್ನ ತಂದುಕೊಟ್ರು. ಅವರನ್ನ ಬೈಬೇಡಿ."

ಅಧ್ಯಕ್ಷರು ಬೆವರೊರೆಸಿಕೊಂಡರು. "ನಾನು ತೊಟ್ಟಿಲಿಗೆ ಬೀಗ ಹಾಕ್ದೆನಾ... ಈ ಮನೇಲಿ?" ಜೇಬಿನಿಂದ ಉಗ್ರಾಣದ ಕೀಲಿ ತೆಗೆದು ಟೀಚರ ಕೈಗಿತ್ತರು. "ಇನ್ಮೇಲೆ ಇದೂ ನಿಮ್ಮ ಹತ್ರಾನೇ ಇರ್ಲಿ. ದುಡುಕಿಬಿಟ್ಟೆ, ಮನಸ್ಸಿಗೆ ಹಚ್ಚಿಕೋಬೇಡಿ."

ಟೀಚರು ಪೆಟ್ಟಿಗೆಯತ್ತ ನೋಡುತ್ತಿದ್ದಳು. ಫ್ಲಾನೆಲ್ಲಿನ ಅಂಚು ತನ್ನದೇ ಹೊಲಿಗೆ.

"ಕೂಸಿಗೆ ನಿದ್ದೆ ಹತ್ತಿದೆ, ಎಬ್ಬಿಸಬೇಡ," ಎಂದು ಮೆಲ್ಲಗೆ ಹೇಳಿ, ತಾಯಿಯನ್ನೂ ಪೆಟ್ಟಿಗೆಯನ್ನೂ ತಾನೇ ಮಹಡಿಗೆ ಬಿಟ್ಟು ಬಂದಳು.

ಅಷ್ಟರಲ್ಲಿ ಅತಿಥಿಗಳು ಬಂದರು. ಬರಿ ಕಪಾಟು ಕಂಡು, "ಆ ಹೆಸರುವಾಸಿ ಪೆಟ್ಟಿಗೆ ಎಲ್ಲಿ?" ಎಂದರು ಒಬ್ಬರು.

ಅಧ್ಯಕ್ಷರು ಟೀಚರತ್ತ ತಿರುಗಿದರು. ನಾಲ್ಕು ಜನರೆದುರು ಎಂದೂ ಬಾಯಿ ತೆರೆಯದ ಹೊಲಿಗೆ ಟೀಚರು ತಲೆಯೆತ್ತಿ, ಮಂದಿರಕ್ಕೆಲ್ಲ ಕೇಳುವಂತೆ ಹೇಳಿದಳು:

"ಕೆಲಸಕ್ಕೆ ಹೋಗಿದೆ."