ನೀರಜಾ ಬದುಕಿದ್ದಾರೆ

ಕಿವಿ ಪರೀಕ್ಷೆಯ ಪುಟ್ಟ ಕೋಣೆಯಲ್ಲಿ ರಾಮಲಿಂಗಪ್ಪನವರನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಬಸವಪ್ರಭು ಮರಾಠಿಯಲ್ಲಿ ಹೇಳಿದ: "ಆವಾಜ್ ಆಲಾ ಕೀ ಹಾತ್ ವರ್ ಕರಾ."

ರಾಮಲಿಂಗಪ್ಪ ಮಗಳ ಕಡೆ ತಿರುಗಿ ಪುಣೆಯ ಕ್ಯಾಂಪ್ ಬಡಾವಣೆಗೆಲ್ಲ ಕೇಳುವಂತೆ ಕೂಗಿದರು: "ಏನಂತಾನವಾ ಈ ಹುಡುಗ? ನೋಡಾಕ ಛಲೋ ಅದಾನ, ಮಾತು ಮಾತ್ರ ಒಂದೂ ಹೊರಗ ಬರವಲ್ಲದು!"

ದೀಪಾಲಿಗೆ ಅಲ್ಲೇ ನೆಲದೊಳಗೆ ಇಳಿದುಹೋಗಬೇಕು ಅನ್ನಿಸಿತು. ಇವನು ಮರಾಠಿಯವನು, ಅರ್ಥವಾಗಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಅವನು ಬಾಗಿ, "ಸಪ್ಪಳ ಕೇಳಿದ್ರ ಕೈ ಎತ್ರಿ, ಕಾಕಾ" ಅಂದ. ಆಮೇಲೆ ಅವಳತ್ತ ನೋಡದೆಯೇ, "ಛಲೋ ಅದಾನ ಅಂದಿದ್ದು ನನಗ ಕೇಳಿಸ್ತು. ನನ್ನ ಕಿವಿ ನೆಟ್ಟಗ ಅದಾವ" ಎಂದು ಸೇರಿಸಿದ.

ಅವನು ಭಾಲ್ಕಿಯವನು, ಮೈಸೂರಿನಲ್ಲಿ ಕಿವಿ ಪರೀಕ್ಷೆಯ ವಿದ್ಯೆ ಕಲಿತು ಎರಡು ವರ್ಷದ ಹಿಂದೆ ಪುಣೆಗೆ ಬಂದಿದ್ದ. ಇವರು ಇಂಡಿ ಕಡೆಯವರು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ರಾಮಲಿಂಗಪ್ಪನವರದು ಒಣಮೆಣಸಿನಕಾಯಿ ವ್ಯಾಪಾರ. ಅವರ ಕಿವಿ ಮಂದವಾದ ಮೇಲೆ ಗಿರಾಕಿಗಳ ಫೋನೆಲ್ಲ ದೀಪಾಲಿಯ ಪಾಲಿಗೆ ಬಂದಿತ್ತು.

ಕೇಳಿಸುವ ಮಷಿನ್ ಹಾಕಿ, ಅದು ಕಿವಿಗೆ ಹೊಂದುವವರೆಗೆ ವಾರಕ್ಕೊಮ್ಮೆ ಬರಬೇಕೆಂದು ಬಸವಪ್ರಭು ಹೇಳಿದ. ರಾಮಲಿಂಗಪ್ಪನವರಿಗೆ ಪ್ರತಿವಾರವೂ ಒಂದು ತಕರಾರಿತ್ತು. ಫ್ಯಾನಿನ ಸದ್ದು ಜಾಸ್ತಿ, ಹೆಂಡತಿ ಕಾಶವ್ವನ ದನಿ ಜಾಸ್ತಿ. ಅವನು ನಗುತ್ತ ಸರಿಮಾಡುತ್ತಿದ್ದ. ಅಪ್ಪ ಒಳಗೆ ಕೂತಿರುವಾಗ ಬಾಗಿಲ ಬಳಿ ಅವರಿಬ್ಬರ ಮಾತು ನಡೆಯುತ್ತಿತ್ತು.

"ಶನಿವಾರ ಸಂಜಿಕ ಎಲ್ಲಿರ್ತೀರಿ ನೀವು? ಫೋನ್ ಮಾಡಿದ್ರ ಸಿಗಂಗಿಲ್ಲ," ಎಂದ ಒಮ್ಮೆ.

"ಸ್ವಾರಗೇಟ್ ಹತ್ರ ಸೈಬರ್ ಕೆಫೇದಾಗ. ಇಂಟರ್ನೆಟ್ಟಿನಾಗ ನಮ್ಮದೊಂದು ಗ್ರೂಪ್ ಅದ. ನೀರಜಾ ಫ್ಯಾನ್ಸ್. ನಾನ ಸುದ್ದಿ ಬರೀತೀನಿ."

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. "ಯಾವ ನೀರಜಾ?"

"ಸ್ಕೂಟರ್ ಹಾಡು ಹಾಡಿದಾಕಿ! ಎಂಬತ್ತರ ಸುಮಾರಿಗೆ ಭಾಳ ಹಿಟ್ ಆಗಿತ್ತು. ಈಗ ಅದರ ರೀಮಿಕ್ಸ್ ಬಂದದಲ್ಲ, ದಿನಾ ಟಿವಿಯೊಳಗ ಬರ್ತದ." ಅವಳ ಕಣ್ಣು ಅರಳಿದ್ದವು. "ಪಾಪ್ ಹಾಡು ಅಂದ್ರ ಏನಂತ ಗೊತ್ತಿಲ್ಲದಾಗ ನಮಗ ಪಾಪ್ ಕಲಿಸಿದಾಕಿ. ಒಂದ ಸಲ ಶೋ ನಡುವ ಬಿಟ್ಟು ಹೋದಾಕಿ, ಮತ್ತ ಕಾಣಲೇ ಇಲ್ಲ. ಒಬ್ರು ಕೆನಡಾ ಅಂತಾರ, ಒಬ್ರು ಆಶ್ರಮ ಅಂತಾರ. ಸೊಕ್ಕಿನಾಕಿ ಅಂತ ಬೈಯೋರೂ ಇದ್ದಾರ."

"ನೀವೇನಂತೀರಿ?"

"ಏನೋ ಆಗಿರಬೇಕು. ಸೊಕ್ಕಿದ್ದಾಕಿ ಹಂಗ ಹಾಡಂಗಿಲ್ಲ."

ಬಸವಪ್ರಭು ಆ ದಿನ ಅವರು ಹೊರಟಾಗ ಮೆಟ್ಟಿಲ ತನಕ ಬಂದ. ಮುಂದಿನ ವಾರ ಅಪ್ಪನನ್ನು ರಿಕ್ಷಾ ಹತ್ತಿಸಿದ ಮೇಲೆ ಅವಳು ಅವನೊಂದಿಗೆ ಇರಾನಿ ಹೋಟೆಲಿನಲ್ಲಿ ಚಹಾ ಕುಡಿದಳು. ಬೆಣ್ಣೆ ಸವರಿದ ಬನ್ ಮಸ್ಕಾ ಚಹಾದಲ್ಲಿ ಅದ್ದುವಾಗ ಅವನು ಕತ್ತು ಚಾಚಿ ಬಹಳ ಜಾಗರೂಕನಾಗಿ ತಿನ್ನುತ್ತಿದ್ದ. ಅದನ್ನು ನೋಡುತ್ತ ತನಗೆ ಯಾಕಿಷ್ಟು ಖುಷಿಯಾಗುತ್ತಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ.

ಅದರ ಮುಂದಿನ ಸಲ ಕ್ಲಿನಿಕ್ಕಿಗೆ ಅವರು ಸ್ವಲ್ಪ ಬೇಗ ಬಂದರು. ಬೆಂಚಿನ ಮೇಲೆ ಗಿಡ್ಡ ಬಿಳಿಗೂದಲಿನ ಹೆಂಗಸೊಬ್ಬರು ಕೂತಿದ್ದರು. ಅವರು ಕೌಂಟರಿನ ಹುಡುಗಿಗೆ ಜೋರಾಗಿ, "ಪಾಣೀ ಮಿಳೇಲ್ ಕಾ?" ಎಂದು ನೀರು ಕೇಳಿದರು.

ಕೊನೆಯಲ್ಲಿ ಸ್ವಲ್ಪ ಒಡೆದು ಮೇಲಕ್ಕೆ ಏರುವ ಆ ದನಿಯನ್ನು ದೀಪಾಲಿ ಕ್ಯಾಸೆಟ್ ಸವೆಯುವಷ್ಟು ಕೇಳಿದ್ದಳು. ಎದ್ದು ನಿಂತಳು. ಅಷ್ಟರಲ್ಲಿ ಬಸವಪ್ರಭು ಹೊರಬಂದು ಅವಳ ಮುಖ ನೋಡಿದ. ಅವಳನ್ನು ಮೆಟ್ಟಿಲಿಗೆ ಕರೆದುಕೊಂಡು ಹೋದ.

"ನೀರಜಾ ಅವರೇ ಅಲ್ಲೇನು?" ಅಂದಳು.

"ದೀಪಾಲಿ, ಇದು ದವಾಖಾನಿ. ಯಾರು ಬಂದ್ರು, ಯಾಕ ಬಂದ್ರು, ನಾ ಯಾರಿಗೂ ಹೇಳಂಗಿಲ್ಲ. ನೀವೂ ಹೇಳಬ್ಯಾಡ್ರಿ."

ಅವನು ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದಿದ್ದ. "ಹೇಳಂಗಿಲ್ಲ," ಅಂದಳು.

ಆ ಶನಿವಾರ ಗ್ರೂಪ್ ತೆರೆದಾಗ ಅದು ತುಂಬಿ ಹರಿಯುತ್ತಿತ್ತು. ನೀರಜಾ ಹೋದ ವರ್ಷವೇ ತೀರಿಕೊಂಡರಂತೆ ಎಂದು ನಾಶಿಕದವನೊಬ್ಬ ಬರೆದಿದ್ದ. ಜನ ಅಳುತ್ತಿದ್ದರು. ಯಾರೋ ಕವಿತೆ ಹಾಕಿದ್ದರು. 'ದೀಪಾಲಿ, ನಿಜಾನಾ?' ಎಂದು ಎಲ್ಲರೂ ಅವಳನ್ನೇ ಕೇಳುತ್ತಿದ್ದರು. ಅವಳು 'ಬದುಕಿದ್ದಾರೆ' ಎಂದು ಟೈಪ್ ಮಾಡಿದಳು. ನೋಡುತ್ತ ಕೂತಳು. ಅಳಿಸಿದಳು. 'ಖಾತ್ರಿಯಾಗದ ಸುದ್ದಿ ನಂಬಬೇಡಿ' ಎಂದಷ್ಟೇ ಬರೆದು ಎದ್ದು ಬಂದಳು. ಅವಳಿಗೇ ಸುದ್ದಿ ಗೊತ್ತಿಲ್ಲ ಎಂದು ಕೆಲವರು ನಕ್ಕರು.

ಎಂಟು ಹತ್ತು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಅಂಗಡಿಯ ಫೋನ್ ಹೊಡೆದುಕೊಂಡಿತು.

"ಒಂದ ಮಾತು ಹೇಳಿದ್ದೆ ನಿಮಗ," ಬಸವಪ್ರಭುವಿನ ದನಿ ಗಡುಸಾಗಿತ್ತು. "ಅಷ್ಟೂ ಇಟ್ಕೊಳ್ಳಾಕ ಆಗ್ಲಿಲ್ಲೇನು? ಪೇಪರಿನಾಗ ಬಂದದ. ನೀರಜಾ ಪುಣೆದಾಗ ಅದಾರ, ಕ್ಯಾಂಪಿನ ಕಿವಿ ಕ್ಲಿನಿಕ್ಕಿಗೆ ಬರ್ತಾರ ಅಂತ. ಬಾಗಿಲಾಗ ಟಿವಿಯವರು ನಿಂತಾರ. ನೀರಜಾ ಅವರು ನನ್ನ ನಂಬಿದ್ರು."

"ನಾ ಯಾರಿಗೂ..."

"ನಿಮ್ಮ ಗ್ರೂಪಿಗೆ ಹಬ್ಬ ಆಗಿರಬೇಕಲ್ಲ," ಎಂದು ಅವನು ಫೋನ್ ಇಟ್ಟ.

ಅವಳಿಗೆ ಅಳು ಬರಲಿಲ್ಲ, ಮೈ ಉರಿಯಿತು. ಮುಂದಿನ ವಾರ ಅಪ್ಪನ ಜೊತೆ ತಂಗಿ ಸಪ್ನಾಳನ್ನು ಕಳಿಸಿದಳು. ಡಾಕ್ಟರು ನಿನ್ನ ಕೇಳಿದರು ಎಂದು ಸಪ್ನಾ ಹೇಳಿದಾಗ, "ಏನರ ಕೇಳಲಿ" ಎಂದು ಚಹಾ ಸೋಸಲು ಹೋದಳು. ಅಳು ಬಂದದ್ದು ಅಲ್ಲಿ.

ಅದಾಗಿ ಎರಡು ದಿನಕ್ಕೆ ಬಸವಪ್ರಭು ಮಾರ್ಕೆಟ್ ಯಾರ್ಡಿಗೇ ಬಂದ. ಅಂದು ಬ್ಯಾಡಗಿ ಮೆಣಸಿನಕಾಯಿಯ ಲಾರಿ ಇಳಿಯುತ್ತಿತ್ತು. ಒಳಗೆ ಕಾಲಿಟ್ಟದ್ದೇ ತಡ, ಒಂದರ ಮೇಲೊಂದು ಸೀನು ಹೊಡೆದುಕೊಂಡು ಬಂತು. ಕಣ್ಣು ಕೆಂಪಾಗಿ ನೀರು ಧಾರಾಕಾರ ಇಳಿಯಿತು. ಅಂಥದರಲ್ಲೇ, "ದೀಪಾಲಿ, ನಂದು ತಪ್ಪಾಯ್ತು" ಅಂದ.

ರಾಮಲಿಂಗಪ್ಪ ಗಾಬರಿಯಾಗಿ ಎದ್ದರು. "ಯಾಕ್ರಿ ಡಾಕ್ಟ್ರ, ಏನಾತು? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲ? ಅಳಬ್ಯಾಡ್ರಿ!"

ಹಮಾಲರು ಚೀಲ ಹೊತ್ತಲ್ಲೇ ನಿಂತರು. ದೀಪಾಲಿ ಅವನ ತೋಳು ಹಿಡಿದು ಹೊರಗಿನ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿ, ನೀರಿನ ಬಾಟಲಿ ಕೊಟ್ಟಳು. ಮುಖ ತೊಳೆದುಕೊಂಡು ಅವನು ಹೇಳಿದ:

"ನೀರಜಾ ಅವರು ನಿನ್ನೆ ಬಂದಿದ್ರು. ಪೇಪರಿನವರಿಗೆ ತಾವ ಫೋನ್ ಮಾಡಿದ್ರಂತ. ತಾವು ಸತ್ತ ಸುದ್ದಿ ಯಾರೋ ಹೇಳಿದ್ದು ಕಿವಿಗೆ ಬಿತ್ತಂತ. ಸಾಕು, ಬದುಕೀನಿ, ಹಾಡುವಾಗ ಕಿವಿ ಕೈಕೊಟ್ಟಿತ್ತು, ಅದಕ್ಕ ಬಿಟ್ಟೆ ಅಂತ ಹೇಳ್ಯಾರ. ನಗ್ತಾ ಇದ್ರು. ನಾನ ಮೂರ್ಖ."

"ನನ್ನ ಒಂದ ಮಾತು ಕೇಳಬೇಕಿತ್ತಲ್ಲ ನೀವು?"

"ಕೇಳಬೇಕಿತ್ತು."

"ಈಗ ಕೇಳ್ರಿ."

"ಈಗ ಉತ್ತರ ಗೊತ್ತದಲ್ಲ."

"ಗೊತ್ತಿದ್ರೂ ಕೇಳ್ರಿ."

ಅವನು ನೇರ ಅವಳ ಕಣ್ಣು ನೋಡಿದ. "ನೀವು ಯಾರಿಗರ ಹೇಳಿದ್ರೇನು?"

"ಇಲ್ಲ. ಎಲ್ಲಾರೂ ಅಳ್ತಿದ್ರು, ಆದ್ರೂ ಹೇಳ್ಲಿಲ್ಲ. ನೀವು ಹೇಳಬ್ಯಾಡ ಅಂದಿದ್ರಿ."

ಪಕ್ಕದಲ್ಲಿ ಹಮಾಲರು ಕೈಗಾಡಿ ತಳ್ಳುತ್ತ, "ಸರಕಾ, ಸರಕಾ" ಎಂದು ಕೂಗಿ ದಾರಿ ಬಿಡಿಸಿಕೊಂಡು ಹೋದರು. ಅವನು ಅವಳನ್ನು ಮರದ ಕಡೆ ಸರಿಸಿದ. ಕೈ ತೆಗೆಯಲಿಲ್ಲ.

"ಇನ್ನೊಂದು ಕೇಳ್ಲೇನು? ಇದರ ಉತ್ತರ ಮಾತ್ರ ನನಗ ಗೊತ್ತಿಲ್ಲ."

"ಅದಕ್ಕ ಇಷ್ಟು ಹೆದರ್ಲಿಕ್ಕೆ ಏನದ?"

"ನೀವು ಇಲ್ಲ ಅಂದ್ರ ಭಾಲ್ಕಿ ಬಸ್ ಹತ್ತಬೇಕಾಗ್ತದ. ಪುಣೆದಾಗ ಇರಾಕ ಆಗಂಗಿಲ್ಲ. ದೀಪಾಲಿ, ನನ್ನ ಮದಿವಿ ಆಗ್ತೀರೇನು?"

ಅವಳು ನೆಲ ನೋಡಿದಳು. ಆಮೇಲೆ ಅವನ ಕೆಂಪು ಮೂಗು ನೋಡಿದಳು. ನಗು ತಡೆಯಲಾಗಲಿಲ್ಲ.

"ಮೆಣಸಿನಕಾಯಿ ಮನಿ ಅಳಿಯ ಆಗೋರು ಹಿಂಗ ಸೀನಿದ್ರ ಹೆಂಗ್ರಿ?" ಅಂದಳು. "ಹೂಂ. ಆಗ್ತೀನಿ."

ಆ ಶನಿವಾರ ಗ್ರೂಪಿಗೆ ಅತಿದೊಡ್ಡ ಸುದ್ದಿ ಬಂತು. ಬರುವ ತಿಂಗಳು ಪುಣೆಯಲ್ಲೇ ನೀರಜಾ ಅಭಿಮಾನಿಗಳನ್ನು ಭೇಟಿಯಾಗಲಿದ್ದಾರೆ ಎಂದು. ಅದನ್ನು ಬರೆದದ್ದು ನಾಶಿಕದವನೇ. ಎಲ್ಲಿ ದೀಪಾಲಿ ಎಂದು ಎಷ್ಟೋ ಜನ ವಿಚಾರಿಸಿದರು. ಅವಳು ಇರಾನಿ ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತಿದ್ದಳು. ಎದುರಿಗೆ ಒಬ್ಬ ಬಹಳ ಜಾಗರೂಕನಾಗಿ ಬನ್ ಮಸ್ಕಾ ತಿನ್ನುತ್ತಿದ್ದ, ಅವಳು ತನ್ನ ಚಹಾ ಆರುವುದನ್ನು ಮರೆತಿದ್ದಳು.